ದಿನಾ ಅದೇ ಹೊತ್ತು, ಅದೇ ಚಹಾದಂಗಡಿ
ಊರಿಗೆ ಹೊಸಬರಾಗಿ ಒಂಟಿ ಅನ್ನಿಸುತ್ತಿದ್ದರೆ ದಿನಕ್ಕೊಂದು ಜಾಗ ಹುಡುಕಬೇಡಿ. ಹುಬ್ಬಳ್ಳಿಯ ಉಣಕಲ್ ಕೆರೆಗೆ ದಿನಾ ಬೆಳಿಗ್ಗೆ ಆರೂವರೆಗೇ ಹೋಗಿ, ಬರುವಾಗ ಅದೇ ಅಂಗಡಿಯಲ್ಲಿ ಚಹಾ ಕುಡಿಯಿರಿ. ಮಾತಾಡಿಸಲೇಬೇಕು ಅಂತೇನಿಲ್ಲ. ಪದೇ ಪದೇ ಕಂಡ ಮುಖ ತಾನಾಗಿಯೇ ಹತ್ತಿರವೆನಿಸುತ್ತದೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ಸ್ವಲ್ಪ ದಿನಕ್ಕೆ ಅಂಗಡಿಯವರು ಕೇಳದೆಯೇ ಸಕ್ಕರೆ ಕಮ್ಮಿ ಹಾಕಿ ಕೊಡುತ್ತಾರೆ, ಆಮೇಲೆ ಯಾರೋ ‘ನಿನ್ನಿ ಕಾಣ್ಲಿಲ್ಲಲ್ರಿ?’ ಅನ್ನುತ್ತಾರೆ. ಶುರುವಿಗೆ ಅಷ್ಟು ಸಾಕಲ್ವಾ? ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಮಾತ್ರ ಇದು ನಡೆಯುವುದಿಲ್ಲ. ಮೊದಲ ದಿನವೇ ಜಗಳವಾದ ಜಾಗವೂ ಬೇಡ, ನೋಡಿದಷ್ಟೂ ಸಿಟ್ಟೇ ಜಾಸ್ತಿ. ನಿದ್ದೆ, ಊಟ ಎರಡೂ ಕೆಟ್ಟಿದ್ದರೆ ಕೆರೆ ಸಾಲುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಪುಕ್ಕಟೆ. ಇಲ್ಲವೇ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ಬನ್ನಿ.