ಹಸಿರು ಜೋಡಿಗೆ ನೀಲಿ ಮರಿ: ಲವ್ ಬರ್ಡ್ಸ್ ಬಣ್ಣ ಮೊದಲೇ ಲೆಕ್ಕ ಹಾಕುವುದು ಹೇಗೆ

ಬ್ರಹ್ಮಪುರದ ನಮ್ಮ ಮನೆಯ ಮಾಳಿಗೆ ಮೇಲೆ ಏಳು ಜೋಡಿ ಬಜಿ ಹಕ್ಕಿಗಳಿವೆ. ಕಲಬುರಗಿಯಲ್ಲಿ ಎಲ್ಲರೂ ಇವನ್ನು ಲವ್ ಬರ್ಡ್ಸ್ ಅಂತಲೇ ಕರೆಯುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ ಹಕ್ಕಿ, ಇದು ಆಸ್ಟ್ರೇಲಿಯಾದ್ದು. ಎರಡರ ಬಣ್ಣದ ಲೆಕ್ಕವೂ ಬೇರೆ. ನಾನು ಹೇಳುವುದು ಬಜಿಯ ಲೆಕ್ಕ ಮಾತ್ರ.

ಮೊನ್ನೆ ಪಕ್ಕದ ಮನೆ ಹುಡುಗ ಓಡಿ ಬಂದ. "ಮೌಶಿ, ನನ್ನ ಜೋಡಿ ಎರಡೂ ಹಸಿರು ಅದಾವ. ನೀಲಿ ಮರಿ ಹೆಂಗ್ ಬಂತು?" ಹೊಲಿಗೆ ನನ್ನ ಕಸುಬು. ಮಷಿನ್ ಪಕ್ಕದ ಗುಂಡಿ ಡಬ್ಬಿ ತೆಗೆದು ಅವನ ಮುಂದೆ ಸುರಿದೆ. ನೀವೂ ಹಾಗೇ ಮಾಡಿ, ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ.

ಪ್ರತಿ ಹಕ್ಕಿಗೂ ಎರಡು ಗುಂಡಿ ಇಡಿ. ಒಂದು ಅಪ್ಪ ಕೊಟ್ಟದ್ದು, ಒಂದು ಅವ್ವ ಕೊಟ್ಟದ್ದು. ಹಸಿರು ಗುಂಡಿ ಒಂದೇ ಒಂದು ಇದ್ದರೂ ಹಕ್ಕಿ ಹಸಿರೇ. ಎರಡೂ ನೀಲಿ ಆದಾಗ ಮಾತ್ರ ನೀಲಿ. ಒಂದು ಹಸಿರು, ಒಂದು ನೀಲಿ ಇದ್ದರೆ ಅದನ್ನು ಸ್ಪ್ಲಿಟ್ ಅನ್ನುತ್ತೇವೆ. ನೋಡಲು ಪೂರಾ ಹಸಿರು, ಒಳಗೆ ನೀಲಿ ಅಡಗಿರುತ್ತದೆ. ಇದಕ್ಕೆ ಕಾರಣವೂ ಚೆಂದ ಇದೆ. ಬಜಿಯ ಗರಿ ತನ್ನ ರಚನೆಯಿಂದಲೇ ನೀಲಿ ಕಾಣುತ್ತದೆ, ಅದರ ಜೊತೆ ಹಳದಿ ಬಣ್ಣ ಸೇರಿದರೆ ಹಸಿರು. ನೀಲಿ ಹಕ್ಕಿಯಲ್ಲಿ ಆ ಹಳದಿ ತಯಾರಾಗುವುದೇ ಇಲ್ಲ. ಹಳದಿ ಮಾಡುವ ಜೀನ್‌ನಲ್ಲಿನ ಒಂದು ಸಣ್ಣ ಬದಲಾವಣೆಯೇ ಇದಕ್ಕೆ ಕಾರಣ ಅಂತ 2017ರಲ್ಲಿ ವಿಜ್ಞಾನಿಗಳು ತೋರಿಸಿದರು.

ಈಗ ಕಣ್ಣು ಮುಚ್ಚಿ ಅಪ್ಪನ ಕಡೆಯಿಂದ ಒಂದು, ಅವ್ವನ ಕಡೆಯಿಂದ ಒಂದು ಗುಂಡಿ ಎತ್ತಿ. ಅದೇ ಮರಿ. ಇಬ್ಬರೂ ಸ್ಪ್ಲಿಟ್ ಆದರೆ ನಾಲ್ಕರಲ್ಲಿ ಒಂದು ಸಲ ಎರಡೂ ನೀಲಿ ಬರುತ್ತವೆ. ಹುಡುಗನ ಜೋಡಿಯಲ್ಲಿ ಆದದ್ದು ಇದೇ. ನೀಲಿ ನೀಲಿ ಜೋಡಿಗೆ ಹಸಿರು ಮರಿ ಹುಟ್ಟಲು ಸಾಧ್ಯವೇ ಇಲ್ಲ, ಕೊಡಲು ಹಸಿರು ಗುಂಡಿಯೇ ಇಲ್ಲವಲ್ಲ.

ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ನಾಲ್ಕರಲ್ಲಿ ಒಂದು ಅಂದರೆ ನಾಲ್ಕು ಮರಿಗೆ ಒಂದು ನೀಲಿ ಬಂದೇ ಬರುತ್ತದೆ ಅಂತ ಅಲ್ಲ. ಒಂದೊಂದು ಮೊಟ್ಟೆಗೂ ಗುಂಡಿ ಹೊಸದಾಗಿ ಎತ್ತಬೇಕು. ನಾಲ್ಕು ಮರಿಯಲ್ಲಿ ಒಂದೂ ನೀಲಿ ಇಲ್ಲದಿರುವ ಸಾಧ್ಯತೆ ನೂರಕ್ಕೆ ಸುಮಾರು 32. ಇದು ಗೊತ್ತಿಲ್ಲದೆ ಜನ ಒಳ್ಳೆಯ ಜೋಡಿಯನ್ನು ಒಂದೇ ಸಲಕ್ಕೆ ಒಡೆದು ಹಾಕುತ್ತಾರೆ, ನನಗೆ ಬಹಳ ಸಂಕಟ ಆಗುತ್ತದೆ.

ನಿಮ್ಮ ಹಸಿರು ಹಕ್ಕಿ ಸ್ಪ್ಲಿಟ್ ಹೌದೋ ಅಲ್ಲವೋ ತಿಳಿಯಬೇಕೇ? ನೀಲಿ ಹಕ್ಕಿ ಜೊತೆ ಬಿಡಿ. ಒಂದೇ ಒಂದು ನೀಲಿ ಮರಿ ಬಂದರೂ ಸಾಕು, ಸ್ಪ್ಲಿಟ್ ಖಾತ್ರಿ. ಆರೂ ಮರಿ ಹಸಿರೇ ಬಂದರೆ ಸ್ಪ್ಲಿಟ್ ಅಲ್ಲ ಅಂತ ಹೆಚ್ಚುಕಡಿಮೆ ನಂಬಬಹುದು. ಸ್ಪ್ಲಿಟ್ ಆಗಿದ್ದರೆ ಹಾಗಾಗುವುದು 64ರಲ್ಲಿ ಒಂದೇ ಸಲ.

ಬಣ್ಣದ ಗಾಢತೆಗೆ ಇನ್ನೊಂದು ಜೊತೆ ಗುಂಡಿ, ಕಪ್ಪು ಗುಂಡಿ ಅನ್ನೋಣ. ಇದು ಅಡಗಿ ಕೂರುವುದಿಲ್ಲ, ಇದ್ದಷ್ಟು ಕಾಣುತ್ತದೆ. ನೀಲಿ ಹಕ್ಕಿಗೆ ಕಪ್ಪು ಇಲ್ಲದಿದ್ದರೆ ಸ್ಕೈ ಬ್ಲೂ, ಒಂದಿದ್ದರೆ ಕೋಬಾಲ್ಟ್, ಎರಡಿದ್ದರೆ ಬೂದಿ ಛಾಯೆಯ ಮಾವ್. ಎಲ್ಲ ಮರಿಯೂ ಕೋಬಾಲ್ಟ್ ಬೇಕಾದರೆ ಕೋಬಾಲ್ಟ್‌ಗೆ ಕೋಬಾಲ್ಟ್ ಹಾಕಬೇಡಿ, ಅದರಲ್ಲಿ ಅರ್ಧವೇ ಸಿಗುವುದು. ಸ್ಕೈ ಬ್ಲೂಗೆ ಮಾವ್ ಹಾಕಿ. ಯಾರೂ ಕೇಳದ ಮಾವ್ ಹಕ್ಕಿಯನ್ನು ನಾನು ಜೋಪಾನ ಮಾಡುವುದು ಇದಕ್ಕೇ.

ಇನ್ನು ಕೆಂಪು ಕಣ್ಣಿನ ಹಳದಿ ಹಕ್ಕಿ, ಲುಟಿನೋ. ಇಲ್ಲಿ ಗಂಡು ಹೆಣ್ಣಿನ ಲೆಕ್ಕ ಬೇರೆ ಬೇರೆ. ಲುಟಿನೋ ಗುಂಡಿಯೂ ನೀಲಿಯ ಹಾಗೆ ಅಡಗುವಂಥದ್ದು, ಆದರೆ ಈ ಜಾಗದಲ್ಲಿ ಗಂಡಿಗೆ ಎರಡು ಗುಂಡಿ, ಹೆಣ್ಣಿಗೆ ಒಂದೇ, ಅದೂ ಅಪ್ಪನಿಂದ ಬಂದದ್ದು. ಹಾಗಾಗಿ ಹೆಣ್ಣು ಲುಟಿನೋಗೆ ಸ್ಪ್ಲಿಟ್ ಆಗಲಾರದು. ಲುಟಿನೋ ಗಂಡಿಗೆ ಮಾಮೂಲಿ ಹಸಿರು ಹೆಣ್ಣು ಹಾಕಿದರೆ ಹೆಣ್ಣು ಮರಿಗಳೆಲ್ಲ ಲುಟಿನೋ, ಗಂಡು ಮರಿಗಳೆಲ್ಲ ಹಸಿರು ಸ್ಪ್ಲಿಟ್. ಜೋಡಿ ತಿರುವು ಮುರುವು ಮಾಡಿದರೆ ಒಂದೂ ಹಳದಿ ಬರುವುದಿಲ್ಲ! ಮೊದಲ ವರ್ಷ ನಾನು ಹಾಗೇ ಮೋಸ ಹೋದೆ. ಮಾರುವವನು ಲುಟಿನೋ ಹೆಣ್ಣು ಕೊಟ್ಟು "ಮರಿ ಎಲ್ಲಾ ಹಳದಿ" ಅಂದಿದ್ದ, ಐದಕ್ಕೆ ಐದೂ ಹಸಿರು.

ಲುಟಿನೋ ಗುರುತಿಗೆ ಗರಿ ಬರುವ ತನಕ ಕಾಯಬೇಕಿಲ್ಲ. ಹುಟ್ಟಿದ ಮರಿ ಬತ್ತಲೆ, ಕಣ್ಣು ಮುಚ್ಚಿರುತ್ತದೆ. ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿಯಿರಿ. ಮಾಮೂಲಿ ಮರಿಯಾದರೆ ತೆಳು ರೆಪ್ಪೆಯ ಹಿಂದೆ ಸಾಸಿವೆ ಕಾಳಿನ ಹಾಗೆ ಕಪ್ಪು ಕಾಣುತ್ತದೆ. ಲುಟಿನೋ ಆದರೆ ದಾಳಿಂಬೆ ಕಾಳಿನ ಗುಲಾಬಿ.

ಈ ಲೆಕ್ಕವೆಲ್ಲ ನಿಲ್ಲಬೇಕಾದರೆ ಒಂದು ಪಂಜರಕ್ಕೆ ಒಂದೇ ಜೋಡಿ. ದೊಡ್ಡ ಪಂಜರದಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಅಪ್ಪ ಯಾರು ಅಂತ ಹೇಳಲಾಗದು. ಜೋಡಿ ಬದಲಿಸುವ ಮೊದಲು ನಾನು ಹೆಣ್ಣನ್ನು ಒಂದು ತಿಂಗಳು ಒಂಟಿಯಾಗಿ ಇಡುತ್ತೇನೆ. ಮರಿಗೆ ವಾರ ಆಗುವ ಹೊತ್ತಿಗೆ ಕಾಲಿಗೆ ನಂಬರ್ ರಿಂಗ್, ಅದೇ ನಂಬರ್ ನೋಟ್‌ಬುಕ್‌ನಲ್ಲಿ, ಪಕ್ಕದಲ್ಲಿ ಅಪ್ಪ ಅವ್ವನ ನಂಬರ್. ಒಂದೇ ಜೋಡಿಯ ಅಣ್ಣ ತಂಗಿಯನ್ನು ಕೂಡಿಸದಿರಲು ಇದೇ ಪುಸ್ತಕ ಕಾಯುತ್ತದೆ. ದೀಪಾವಳಿ ಆದ ಮೇಲೆ ಮೊಟ್ಟೆ ಇಡಲು ಗಡಿಗೆ ಕಟ್ಟುತ್ತೇನೆ, ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಇಳಿಸುತ್ತೇನೆ. ಆಮೇಲಿನ ನಮ್ಮೂರ ಬಿಸಿಲಿಗೆ ಗಡಿಗೆಯೊಳಗೆ ಮರಿ ಬೇಯುತ್ತವೆ.

ಈಗ ಮೂರನೇ ಪಂಜರದ ಗಡಿಗೆಯಲ್ಲಿ ಐದು ಮೊಟ್ಟೆ ಇವೆ. ಅಪ್ಪ ಹಸಿರು, ಲುಟಿನೋಗೆ ಸ್ಪ್ಲಿಟ್. ಅವ್ವ ಮಾಮೂಲಿ ಹಸಿರು. "ಹಳದಿ ಬಂದರೆ ಅದು ಹೆಣ್ಣೇ" ಅಂತ ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿದ್ದೇನೆ. ಕಾವಿಗೆ 18 ದಿನ ಬೇಕು, ಇವತ್ತಿಗೆ 11 ಆದವು.