ಹವಾಮಾನದ ನಕ್ಷೆ: ಮನುಷ್ಯ ಮಾಡಿದ್ದೋ, ಎಐ ಮಾಡಿದ್ದೋ?

ಹವಾಮಾನದ ನಕ್ಷೆ ಕೈಗೆ ಬಂದರೆ ಅದು ಚೆನ್ನಾಗಿದೆಯಾ ಅಂತ ನಾನು ನೋಡುವುದಿಲ್ಲ. ಚೆಂದ ಮಾಡುವುದು ಎಐಗೆ ಸಲೀಸು. ಗಾಳಿ ಎತ್ತ ಬೀಸುತ್ತಿದೆ ಅಂತ ನೋಡುತ್ತೇನೆ.

ಉತ್ತರ ಗೋಳಾರ್ಧದಲ್ಲಿ ಕಡಿಮೆ ಒತ್ತಡದ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ದಕ್ಷಿಣದಲ್ಲಿ ಉಲ್ಟಾ. ಚಿತ್ರ ಬಿಡಿಸುವ ಎಐ ಸುಳಿಯನ್ನೇನೋ ಸೊಗಸಾಗಿ ಬಿಡಿಸುತ್ತದೆ, ಆದರೆ ಸುತ್ತುವ ದಿಕ್ಕನ್ನು ಎಷ್ಟೋ ಸಲ ತಪ್ಪಾಗಿ ತೋರಿಸುತ್ತದೆ.

ಆಮೇಲೆ ಐಸೋಬಾರ್ ಗೆರೆಗಳು, ಅಂದರೆ ಗಾಳಿಯ ಒತ್ತಡ ಒಂದೇ ಇರುವ ಜಾಗಗಳನ್ನು ಜೋಡಿಸುವ ಗೆರೆಗಳು. ಒಂದು ಜಾಗದಲ್ಲಿ ಒಂದೇ ಹೊತ್ತಿಗೆ ಎರಡು ಒತ್ತಡ ಇರೋಕಾಗಲ್ಲ, ಹಾಗಾಗಿ ಈ ಗೆರೆಗಳು ಒಂದನ್ನೊಂದು ದಾಟುವುದಿಲ್ಲ. ಈಚೆಗೆ ನೋಡಿದ ಒಂದು ನಕ್ಷೆಯಲ್ಲಿ 1004ರ ಗೆರೆ 1008ರ ಮೇಲೆ ಹಾದುಹೋಗಿತ್ತು. ಪಕ್ಕದಲ್ಲೇ 1016, ನಡುವಿನ 1012 ನಾಪತ್ತೆ! ಗಾಳಿಯ ಗುರುತುಗಳೂ ಹಾಗೇ. ಒಂದು ಕಡ್ಡಿ, ಅದಕ್ಕೆ ಗಾಳಿಯ ವೇಗ ಹೇಳುವ ಗೀಟುಗಳು. ಗಿಡ್ಡ ಗೀಟು ಅಂದರೆ 5 ನಾಟ್ (ವೇಗದ ಅಳತೆ), ಉದ್ದದ್ದು 10, ತ್ರಿಕೋನ 50. ಇವೆಲ್ಲ ಕಡ್ಡಿಯ ಒಂದೇ ಬದಿಗೆ ಇರಬೇಕು. ಅಲ್ಲಿ ಮೀನಿನ ಮುಳ್ಳಿನ ಹಾಗೆ ಎರಡೂ ಬದಿಗೆ ಚಾಚಿದ್ದವು. ಇನ್ನೇನು ನೋಡೋದು, ಅಲ್ವಾ?

ನಿಜವಾದ ಕಷ್ಟ ಶುರುವಾಗುವುದು ಎಐ ಕೋಡ್ ಬರೆದು, ನಿಜವಾದ ಡೇಟಾ ಹಾಕಿ ಗ್ರಾಫ್ ತೆಗೆದಾಗ. ಅಲ್ಲಿ ಗಾಳಿ, ಒತ್ತಡ ಎಲ್ಲ ಸರಿಯಾಗೇ ಇರುತ್ತದೆ. ಆಗ ನಾನು ಮಳೆಯ ಬಣ್ಣಗಳನ್ನು ನೋಡುತ್ತೇನೆ. 2 ಮಿ.ಮೀ. ಮಳೆಗೂ 12ಕ್ಕೂ ಅಜಗಜಾಂತರ. 150ಕ್ಕೂ 160ಕ್ಕೂ ಅಷ್ಟೇನಿಲ್ಲ. ಮಳೆ ಬಲ್ಲವರು ಬಣ್ಣದ ಮೆಟ್ಟಿಲುಗಳನ್ನು ಕೆಳಗೆ ಒತ್ತಾಗಿ, ಮೇಲೆ ಅಗಲವಾಗಿ ಇಡುತ್ತಾರೆ. ಎಲ್ಲ ಮೆಟ್ಟಿಲೂ ಸಮವಾಗಿದ್ದರೆ ಯಾರೂ ಯೋಚಿಸಿಲ್ಲ ಅಂತ ಅರ್ಥ. ಮಳೆಮಾಪಕ ಕೆಟ್ಟ ದಿನಗಳನ್ನೂ ಹುಡುಕುತ್ತೇನೆ. ಖಾಲಿ ಬಿಟ್ಟಿದ್ದಾರಾ, ಸುಮ್ನೆ ಸೊನ್ನೆ ತುಂಬಿದ್ದಾರಾ? ಸೊನ್ನೆ ತುಂಬಿದರೆ ಮಳೆ ಸುರಿದ ದಿನವೂ ಒಣದಿನವಾಗಿಬಿಡುತ್ತದೆ.

ಆದರೆ ಅವಸರದಲ್ಲಿರುವ ಮನುಷ್ಯರೂ ಇದನ್ನೇ ಮಾಡುತ್ತಾರೆ. ಕಾಮನಬಿಲ್ಲಿನ ಬಣ್ಣಗಳನ್ನಂತೂ ನಾನು ಎಐ ಮಾಡಿದ್ದಕ್ಕೆ ಸಾಕ್ಷಿ ಅಂತ ಎಣಿಸುವುದೇ ಇಲ್ಲ, ಹವಾಮಾನದವರೇ ದಶಕಗಳಿಂದ ಬಳಸಿದ್ದಾರೆ.

ಬಿಟ್ಟದ್ದೇನು ಅನ್ನುವುದು ನನಗೆ ಹೆಚ್ಚು ನಂಬಿಕೆಯ ಗುರುತು. 2018ರಲ್ಲಿ ವಿಜ್ಞಾನಿ ಎಡ್ ಹಾಕಿನ್ಸ್ ಮಾಡಿದ ತಾಪಮಾನದ ಪಟ್ಟೆಗಳನ್ನೇ ನೋಡಿ. ವರ್ಷಕ್ಕೊಂದು ಪಟ್ಟೆ, ನೀಲಿಯಿಂದ ಕೆಂಪಿಗೆ. ಅಂಕಿ ಇಲ್ಲ, ಅಕ್ಷ ಇಲ್ಲ. ಎಐ ಬರೆದ ಕೋಡ್ ಇಷ್ಟು ಖಾಲಿ ಬಿಡುವುದನ್ನು ನಾನು ಕಂಡದ್ದು ಕಡಿಮೆ. ಪ್ರತಿ ಕಂಬದ ತಲೆಯ ಮೇಲೂ ಒಂದು ಅಂಕಿ ಕೂರಿಸುವುದೇ ಜಾಸ್ತಿ.

ಇಷ್ಟಾದರೂ ಅನುಮಾನ ಉಳಿದರೆ ಕಳಿಸಿದವರನ್ನೇ ಕೇಳುತ್ತೇನೆ: "ಬಣ್ಣ ಇಲ್ಲೇ ಯಾಕೆ ಬದಲಾಯಿತು?" ಮಾಡಿದವರಾದರೆ ಅರ್ಧ ಗಂಟೆ ಮಾತಾಡುತ್ತಾರೆ.