ದೇವೇಗೌಡರ ಪರಿಚಯ ಬರೆದದ್ದು ಹೀಗೆ

ಎಚ್.ಡಿ. ದೇವೇಗೌಡರ ಮೇಲೆ ದೀರ್ಘ ಪರಿಚಯ ಲೇಖನ ಬರೆಯಲು ಒಪ್ಪಿಕೊಂಡಾಗ ಸಿಕ್ಕ ಸಲಹೆ ಒಂದೇ: 1996ರ ಜೂನ್ 1ರ ಪ್ರಮಾಣವಚನದಿಂದ ಶುರು ಮಾಡಿ. ನನಗೆ ಒಪ್ಪಿಗೆಯಾಗಲಿಲ್ಲ. ಪ್ರಧಾನಿ ಪಟ್ಟ ಹನ್ನೊಂದು ತಿಂಗಳೂ ತುಂಬಲಿಲ್ಲ; ಅದರ ಹಿಂದೆ ಇದ್ದದ್ದು ಮೂವತ್ನಾಲ್ಕು ವರ್ಷಗಳ ಸದನ, ಕ್ಷೇತ್ರ, ಪಕ್ಷಗಳ ಒಡಕು.

ಮೊದಲು ಒಂದು ಪಟ್ಟಿ ಮಾಡಿಕೊಂಡೆ: ವರ್ಷ, ಸದನ, ಕ್ಷೇತ್ರ, ಪಕ್ಷ. ಹರದನಹಳ್ಳಿಯ ರೈತ ಕುಟುಂಬ, ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಇವೆಲ್ಲ ಎರಡು ಸಾಲಿನಲ್ಲಿ ಮುಗಿದವು. 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದದ್ದಕ್ಕೆ ಮಾತ್ರ ಜಾಗ ಬೇಕಿತ್ತು. ಪಕ್ಷದ ಚಿಹ್ನೆಯಿಲ್ಲದೆ ಗೆದ್ದವನಿಗೆ ಕ್ಷೇತ್ರವೇ ಪಕ್ಷ. ಮುಂದೆ ಅವರು ಎಷ್ಟು ಪಕ್ಷ ದಾಟಿದರೂ ಹಾಸನದ ಬೇರು ಬಿಡದಿದ್ದುದರ ಕಾರಣವನ್ನು ನಾನು ಅಲ್ಲೇ ಕಂಡೆ.

ಹೆಚ್ಚು ಹೊತ್ತು ಕೂತದ್ದು 1972ರಿಂದ 1977ರ ನಡುವಿನ ನಡಾವಳಿಗಳ ಮುಂದೆ. ದೇವರಾಜ ಅರಸು ಮುಖ್ಯಮಂತ್ರಿ, ಗೌಡರು ಬಹುಪಾಲು ಕಾಲ ವಿರೋಧ ಪಕ್ಷದ ನಾಯಕ. ನಡುವೆ ತುರ್ತುಪರಿಸ್ಥಿತಿಯ ಸೆರೆವಾಸ. ಮೈಸೂರು-ಮದರಾಸಿನ 1924ರ ಕಾವೇರಿ ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದ್ದೂ ಇದೇ ಕಾಲದಲ್ಲಿ. ಮುಂದೆ ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಅವರಿಗೆ ಸಿಕ್ಕದ್ದು ಲೋಕೋಪಯೋಗಿ ಮತ್ತು ನೀರಾವರಿ ಖಾತೆ. ಹೀಗೆ ನೀರು ಲೇಖನದ ಬೆನ್ನೆಲುಬಾಯಿತು.

ಆ ಖಾತೆ ಬಿಟ್ಟ ಕಾರಣ ಬರೆಯುವಾಗ ಪೆನ್ನು ತಡೆಯಿತು. ಅಧಿಕೃತ ಪರಿಚಯದ ಪ್ರಕಾರ ನೀರಾವರಿಗೆ ಸಾಕಷ್ಟು ಹಣ ಕೊಡಲಿಲ್ಲವೆಂಬ ಪ್ರತಿಭಟನೆ. ಹೆಗಡೆ-ಗೌಡರ ಮುನಿಸು ಗೊತ್ತಿದ್ದವರು ಇದನ್ನು ಓದಿ ನಗುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟೆ, ತೀರ್ಪು ಕೊಡಲಿಲ್ಲ. ರಾಜಕಾರಣಿಯ ರಾಜೀನಾಮೆಗೆ ಒಂದೇ ಕಾರಣ ಹುಡುಕುವುದು ಬರಹಗಾರರ ಚಟ.

1989ರ ಸೋಲನ್ನು ಹಲವರು ಹಾರಿಸಿಬಿಡುತ್ತಾರೆ. ನಾನು ಉಳಿಸಿಕೊಂಡೆ, ಏಕೆಂದರೆ ಎರಡೇ ವರ್ಷಕ್ಕೆ, 1991ರಲ್ಲಿ, ಹಾಸನದಿಂದ ಲೋಕಸಭೆಗೆ ಹೋದರು. 1994ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ.

1996ಕ್ಕೆ ಬಂದಾಗ ಲೆಕ್ಕವೇ ಕಥೆ ಹೇಳಿತು. ಲೋಕಸಭೆಯಲ್ಲಿ ಬಿಜೆಪಿ 161, ಕಾಂಗ್ರೆಸ್ 140, ಗೌಡರ ಜನತಾದಳ 46. ಆ 46ರಲ್ಲಿ 16 ಕರ್ನಾಟಕದ್ದು. ಪ್ರಧಾನಿಯಾಗಲು ವಿ.ಪಿ. ಸಿಂಗ್ ಒಲ್ಲೆ ಎಂದರು, ಜ್ಯೋತಿ ಬಸು ಅವರಿಗೆ ಪಕ್ಷವೇ ಬಿಡಲಿಲ್ಲ. ‘ಅದೃಷ್ಟ’ ಎನ್ನುವವರಿಗೆ ಆ 16 ಸ್ಥಾನ ಕಾಣುವುದಿಲ್ಲ. ಪ್ರಮಾಣವಚನದ ದಿನ ಅವರು ಸಂಸತ್ ಸದಸ್ಯರೇ ಅಲ್ಲ. ರಾಜ್ಯಸಭೆಗೆ ಆಯ್ಕೆಯಾದದ್ದು ಆಮೇಲೆ.

ದೆಹಲಿಗೆ ಮುದ್ದೆ ಹೋದ ಕಥೆಯನ್ನು ಕೈಬಿಟ್ಟೆ. ಅದನ್ನು ಎಲ್ಲರೂ ಬರೆದಾಗಿದೆ. ಬದಲಿಗೆ 1996ರ ಡಿಸೆಂಬರ್ 12ರಂದು ಬಾಂಗ್ಲಾದೇಶದೊಂದಿಗೆ ಸಹಿಯಾದ, ಮೂವತ್ತು ವರ್ಷಗಳ ಗಂಗಾ ನೀರು ಹಂಚಿಕೆ ಒಪ್ಪಂದಕ್ಕೆ ಒಂದು ಪೂರ್ತಿ ಪ್ಯಾರಾ ಕೊಟ್ಟೆ. ಹೊರಗಿನಿಂದ ಬೆಂಬಲಿಸುತ್ತಿದ್ದ ಕಾಂಗ್ರೆಸ್ ಕೈ ಹಿಂತೆಗೆದದ್ದು, 1997ರ ಏಪ್ರಿಲ್ 11ರ ವಿಶ್ವಾಸಮತದಲ್ಲಿ 158ಕ್ಕೆ 292 ಮತಗಳ ಸೋಲು, ಇವಕ್ಕೆ ವಿಶೇಷಣ ಹಚ್ಚಲಿಲ್ಲ.

ಆಮೇಲಿನದನ್ನು ಬಾಲಂಗೋಚಿ ಮಾಡಬಾರದೆಂದು ಹಠ ಹಿಡಿದೆ. 1999ರ ಜೆಡಿಎಸ್, 2002ರಲ್ಲಿ ಕನಕಪುರದ ಉಪಚುನಾವಣೆ ಗೆಲುವು, 2019ರಲ್ಲಿ ತುಮಕೂರಿನ ಸೋಲು, 2020ರಲ್ಲಿ ಮತ್ತೆ ರಾಜ್ಯಸಭೆ: ಇವೆಲ್ಲ ಮಾಜಿ ಪ್ರಧಾನಿಯೊಬ್ಬರು ಮತ್ತೆ ಮತ್ತೆ ಅಭ್ಯರ್ಥಿಯಾದ ಕಥೆ. ಲೇಖನದ ಕಾಲುಭಾಗ ಅದಕ್ಕೇ ಹೋಯಿತು.